ಬ್ಯಾಡಗಿಯ ಸುಗ್ಗಿಯಲ್ಲಿ ಕೆಮ್ಮಿದ ಕಾರು

ಕಳೆದ ವಾರ ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ನನ್ನ ಕಾರಿನ ಬಾನೆಟ್ ಎತ್ತಿದಾಗ ಬಿಸಿ ಎಂಜಿನ್ನಿನ ಮೇಲಿಂದ ಮೆಣಸಿನಕಾಯಿಯ ವಾಸನೆ ಬಂತು. ಬಹಳ ಸಣ್ಣ ವಾಸನೆ. ಎಣ್ಣೆ, ರಬ್ಬರು, ಧೂಳಿನ ನಡುವೆ ಹುಡುಕಿದರೆ ಮಾತ್ರ ಸಿಗುವಂಥದು. ಮೆಕ್ಯಾನಿಕ್ ಕೊಟ್ರಪ್ಪ ಮೂಗು ಮುಂದೆ ಮಾಡಿದರು.

“ಇನ್ನೂ ಹೋಗಿಲ್ಲ ನೋಡ್ರಿ, ನಿಮ್ಮ ಪಾಪದ ವಾಸನಿ,” ಎಂದು ನಕ್ಕರು.

ಪಾಪ ಎಂಬುದು ದೊಡ್ಡ ಮಾತು. ಆದರೆ ತಪ್ಪು ನನ್ನದೇ ಆಗಿತ್ತು. ಅದನ್ನು ತಿದ್ದಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ಒಬ್ಬ ಹೆಣ್ಣುಮಗಳ ಕೆಲಸ ಹೋಗುವುದರಲ್ಲಿತ್ತು. ನಾಲ್ಕು ವರ್ಷದ ಹಿಂದಿನ ಮೆಣಸಿನಕಾಯಿ ಸುಗ್ಗಿಯ ಮಾತು ಇದು.

ಆಗ ನಾನು ಹಾವೇರಿಯಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರನಾಗಿದ್ದೆ. ಸುಗ್ಗಿ ಶುರುವಾದರೆ ಸೋಮವಾರ ಮತ್ತು ಗುರುವಾರ ನನ್ನ ದಿನ ಬ್ಯಾಡಗಿ ಮಾರುಕಟ್ಟೆಯಲ್ಲೇ ಕಳೆಯುತ್ತಿತ್ತು. ಬೆಳಿಗ್ಗೆ ಮೋಟೆಬೆನ್ನೂರು ದಾಟುವಾಗ ಹೊಲಗಳ ಮೇಲೆ ಇಬ್ಬನಿ ಇರುತ್ತಿತ್ತು. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಳದ ತುಂಬ ಕೆಂಪು ರಾಶಿ, ಅವುಗಳ ನಡುವೆ ಕಾಲಿಡಲು ಒಂದಡಿ ದಾರಿ. ಅಲ್ಲಿನ ಗಾಳಿಗೆ ಹೊರಗಿನವರು ಸೀನುತ್ತಾರೆ. ಊರಿನವರು ಮಾತು ಮುಂದುವರಿಸುತ್ತಾರೆ. ಖರೀದಿದಾರರು ರಾಶಿ ನೋಡಿ ಟೆಂಡರ್ ಹಾಕಿದ ಮೇಲೆ ದರ ಹೊರಬರುವವರೆಗೆ ಯಾರಿಗೂ ಕೆಲಸವಿಲ್ಲ. ರೈತರು, ದಲಾಲರು, ಹಮಾಲರು ಎಲ್ಲ ಚಹದಂಗಡಿಯ ಸುತ್ತ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಆಡಿದ ಮಾತು ಸಂಜೆಯೊಳಗೆ ತಾಲ್ಲೂಕು ಸುತ್ತಿ ಬರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅರ್ಧ ಸುದ್ದಿಗಳು ಅಲ್ಲೇ ಹುಟ್ಟುತ್ತಿದ್ದವು.

ಕಾರು ಆಗಲೇ ಹಳೆಯದು. ಹೊಸರಿತ್ತಿಯ ಮಾಸ್ತರರೊಬ್ಬರು ಹದಿಮೂರು ವರ್ಷ ಓಡಿಸಿ ನನಗೆ ಕೊಟ್ಟಿದ್ದರು. ಪುಟ್ಟ ಗಾಡಿ, ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಆದರೂ ಎಂದೂ ಕೈಕೊಟ್ಟಿರಲಿಲ್ಲ.

ಆ ವರ್ಷ ಜೋಳದ ಕೊಯ್ಲು ಮುಗಿದ ಮೇಲೆ ಹೊಲದ ಇಲಿಗಳು ನಮ್ಮ ಬಡಾವಣೆಗೆ ಬಂದವು. ಪಕ್ಕದ ಮನೆಯವರ ಸ್ಕೂಟರಿನ ವೈರು ಹೋಯಿತು. ನಮ್ಮ ಕಡೆ ಬೇಳೆ ಡಬ್ಬಿಗಿರಲಿ, ಕಾಳಿನ ಚೀಲಕ್ಕಿರಲಿ, ಪುಸ್ತಕದ ಕಪಾಟಿಗಿರಲಿ, ಕಾಯುವ ಮದ್ದು ಒಂದೇ: ಒಣ ಮೆಣಸಿನಕಾಯಿ. ನನ್ನ ಹೆಂಡತಿ ನಿರ್ಮಲಾ ಹಳೆಯ ದಿಂಬಿನ ಚೀಲದಿಂದ ಒಂದು ಸಣ್ಣ ಗಂಟು ಹೊಲಿದುಕೊಟ್ಟಳು. ಬ್ಯಾಡಗಿಯ ದಲಾಲ ವೀರಭದ್ರಪ್ಪನವರ ಅಂಗಡಿಯಿಂದ ಮುರಿದ ಕಾಯಿ, ಬೀಜ ತಂದು ಅದರಲ್ಲಿ ತುಂಬಿ, ಬಾನೆಟ್ಟಿನೊಳಗೆ ಕಟ್ಟಿದವನು ನಾನೇ. ಮೊದಲ ಎರಡು ದಿನ ಎಂಜಿನ್ ಬಿಸಿಯಾದಂತೆ ಕಾರಿನೊಳಗೆಲ್ಲ ಘಾಟು ಅಡರುತ್ತಿತ್ತು.

“ಇಲಿ ಓಡಸಾಕ ಕಟ್ಟೀರೋ, ನನ್ನ ಓಡಸಾಕ ಕಟ್ಟೀರೋ?” ಎಂದು ನಿರ್ಮಲಾ ಕಿಟಕಿ ಇಳಿಸಿದಳು.

ಫೆಬ್ರುವರಿಯ ಒಂದು ಗುರುವಾರ ಬ್ಯಾಡಗಿ ರಸ್ತೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಅಲ್ಲಿ ಬೆಳಗಿನ ಪಾಳಿಯಲ್ಲಿ ಇರುತ್ತಿದ್ದವರು ಶಾಂತವ್ವ. ನಲವತ್ತರ ಆಸುಪಾಸು. ಮೊದಲು ಹತ್ತು ಹನ್ನೆರಡು ವರ್ಷ ಮೆಣಸಿನಕಾಯಿ ಗೋದಾಮಿನಲ್ಲಿ ಕುಳಿತು ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಆ ಧೂಳಿಗೆ ಎದೆ ಹಿಡಿದು, ಮೆಟ್ಟಿಲು ಹತ್ತಿದರೆ ಕೆಮ್ಮು ಬರುವಂತಾಗಿ, ಡಾಕ್ಟರು ಧೂಳಿನಿಂದ ದೂರ ಇರು ಎಂದ ಮೇಲೆ ಬಂಕಿಗೆ ಸೇರಿದ್ದರು. ಇಲ್ಲಿ ಬಿಸಿಲಿತ್ತು, ಆದರೆ ಗಾಳಿಯೂ ಇತ್ತು.

“ಝೀರೋ ನೋಡ್ರಿ ಸರ,” ಎಂದರು, ಎಂದಿನಂತೆ.

ನಾನು ಫೋನಿನಲ್ಲಿ ಕಚೇರಿಯವರೊಡನೆ ಮಾತಾಡುತ್ತಿದ್ದೆ. ಹಾಕು ಎಂದು ಕೈ ಸನ್ನೆ ಮಾಡಿದೆ, ಎಂದಿನಂತೆ.

ಮಾರುಕಟ್ಟೆಯ ತಿರುವಿನಲ್ಲಿ ಲಾರಿಗಳ ಹಿಂದೆ ನಿಂತಾಗ ಕಾರು ಚಳಿಜ್ವರ ಬಂದವರಂತೆ ನಡುಗಿತು. ಎರಡು ಸಲ ಕೆಮ್ಮಿತು, ಬಂದ್ ಆಯಿತು. ಮತ್ತೆ ಶುರು ಮಾಡಿದರೆ ಓಡಿತು. ಓಡುವಾಗ ಏನೂ ಇಲ್ಲ. ನಿಂತರೆ ಮತ್ತೆ ಅದೇ ನಡುಕ, ಅದೇ ಕೆಮ್ಮು. ಚಹದಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

“ಏನ್ರಿ ಹಿರೇಮಠ್ರ, ಗಾಡಿಗೂ ಘಾಟು ಹತ್ತಿತೇನು?” ಎಂದರು ವೀರಭದ್ರಪ್ಪ.

“ಈಗ ಪೆಟ್ರೋಲ್ ಹಾಕಿಸಿಕೊಂಡು ಬಂದೆ. ಆ ಬಂಕಿನ ಪೆಟ್ರೋಲಿನ್ಯಾಗ ಏನೋ ಐತ್ರಿ,” ಎಂದೆ.

ಅಷ್ಟೇ ಅಂದದ್ದು. ಒಂದಾದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಅದರಿಂದಲೇ ಇದಾಯಿತು ಎಂದು ಬರೆಯಬೇಡಿ ಎಂದು ಹೊಸ ವರದಿಗಾರರಿಗೆ ವರ್ಷಗಟ್ಟಲೆ ಹೇಳಿದವನು ನಾನು. ಅಂಥ ಸಾಲು ಕಂಡರೆ ಹೊಡೆದುಹಾಕುತ್ತಿದ್ದೆ. ಅಂದು ಆ ಸಾಲನ್ನು ನಾನೇ ಬಾಯಿಂದ ಆಡಿದೆ. ಅದಷ್ಟೇ ಅಲ್ಲ, ಹಾವೇರಿಗೆ ಮರಳುವಾಗ ಕಲಬೆರಕೆಯ ಬಗ್ಗೆ ಒಂದು ವರದಿ ಮಾಡಿದರೆ ಹೇಗೆ ಎಂದು ತಲೆಬರಹವನ್ನೂ ಯೋಚಿಸಿದ್ದೆ.

ಶುಕ್ರವಾರ ಮತ್ತು ಶನಿವಾರ ಹಾವೇರಿಯ ಗ್ಯಾರೇಜೊಂದರಲ್ಲಿ ಕಾರು ನಿಂತಿತು. ಪೆಟ್ರೋಲ್ ಕೆಟ್ಟಿದೆ ಎಂದು ನಾನೇ ಹೇಳಿದ್ದರಿಂದ ಅವರು ಅದೇ ದಾರಿ ಹಿಡಿದರು. ಪೆಟ್ರೋಲ್ ಫಿಲ್ಟರ್ ಬದಲಾಯಿತು, ಪ್ಲಗ್ ಬದಲಾದವು, ಗಾಳಿ ಫಿಲ್ಟರ್ ಬಡಿದು ಹಾಕಿದರು. ಎಲ್ಲ ಒಟ್ಟಿಗೆ. ಕಾರು ಗ್ಯಾರೇಜಿನ ಬಾಗಿಲಲ್ಲೇ ಕೆಮ್ಮಿತು.

ಸೋಮವಾರ ಬೆಳಿಗ್ಗೆ ಬಂಕಿನ ಮುಂದೆ ಹೋಗುವಾಗ ಅಲ್ಲಿ ಒಂದು ಗಾಡಿಯೂ ಇರಲಿಲ್ಲ. ಸುಗ್ಗಿಯ ಸೋಮವಾರ ಅಲ್ಲಿ ಸಾಲು ರಸ್ತೆಯವರೆಗೆ ಬರುತ್ತಿತ್ತು. ನಾನು ನಿಲ್ಲಿಸಿದೆ. ಶಾಂತವ್ವ ಪೈಪಿಗೆ ಕೈಹಾಕದೆ ಕಾರಿನ ಹತ್ತಿರ ಬಂದರು.

“ನೀವಽ ಅಂದೀರಂತ,” ಎಂದರು. “ಪೇಪರಿನವ್ರಽ ಹೇಳ್ಯಾರ, ನೀರು ಕಲಸ್ತಾರ ಅಂತ ಊರ ತುಂಬ ಆಗೇತಿ.”

“ನಾ ನೀರು ಅನ್ನಲಿಲ್ಲ, ಶಾಂತಕ್ಕ.”

“ಏನೋ ಐತಿ ಅಂದೀರಿ. ಆ ಏನೋ ಅನ್ನೂದರಾಗ ಮಂದಿ ತಮಗ ಬೇಕಾದ್ದು ಹಾಕ್ಕೊಂಡಾರ. ದಿನಾ ಮುಂಜಾನೆ ಟ್ಯಾಂಕಿಗೆ ಕೋಲು ಇಳಿಸಿ ನೀರು ಐತೇನು ನೋಡಾಕಿ ನಾನು. ಮಾಲಕರು ನನ್ನ ಕೇಳಾಕತ್ತಾರ, ನೀ ಖರೇ ನೋಡೀಯೋ, ಸುಮ್ನ ಬರದೀಯೋ ಅಂತ. ಶನಿವಾರ ತನಕ ನೋಡ್ತಾರಂತ. ಗಿರಾಕಿ ಬರಲಿಲ್ಲ ಅಂದ್ರ ನಾ ಮತ್ತ ಗೋದಾಮಿಗೆ ಹೋಗೂದು.”

ಆಕೆಯ ದನಿಯಲ್ಲಿ ಏರಿಳಿತವಿರಲಿಲ್ಲ. ಒಳಗಿನಿಂದ ಒಂದು ಫಿಲ್ಟರ್ ಕಾಗದ ತಂದು, ನನ್ನ ಎದುರೇ ಪೈಪಿನ ಮೂತಿಯಿಂದ ಒಂದು ಹನಿ ಬಿಟ್ಟರು. ಹನಿ ಹರಡಿತು, ಆರಿತು. ಕಲಬೆರಕೆ ಇದ್ದರೆ ಉಳಿಯುವ ಕಲೆ ಕಾಗದದ ಮೇಲೆ ಉಳಿಯಲಿಲ್ಲ.

“ಇದು ಇವತ್ತಿನ ಪೆಟ್ರೋಲ್,” ಎಂದೆ. “ಗುರುವಾರದ್ದು ನನ್ನ ಟ್ಯಾಂಕಿನ್ಯಾಗ ಐತಿ.”

“ಹಂಗಾದ್ರ ಅದನ್ನ ತಪಾಸ ಮಾಡಸ್ರಿ. ಖರೇ ಆದ್ರ ಬರೀರಿ, ನಾ ಹೋಗ್ತೇನಿ. ಸುಳ್ಳಾದ್ರ ಅದನ್ನೂ ಹೇಳ್ರಿ. ಸುಮ್ನ ಇರಬ್ಯಾಡ್ರಿ.”

ಆ ಮಾತುಗಳನ್ನು ಕಾರಿನಲ್ಲಿ ಕುಳಿತು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಪೆಟ್ರೋಲ್ ಸರಿಯಿದೆ ಎಂದು ಬರಿದೇ ಹೇಳಿದರೆ ನಡೆಯುತ್ತಿರಲಿಲ್ಲ. ನನ್ನ ಕಾರು ಚಹದಂಗಡಿಯ ಮುಂದೆ ಮತ್ತೆ ಕೆಮ್ಮಿದರೆ ಜನ ನನ್ನ ಮಾತನ್ನು ಬಿಟ್ಟು ಅದರ ಕೆಮ್ಮನ್ನೇ ನಂಬುತ್ತಾರೆ. ಕಾರಣ ಏನೆಂದು ಕಂಡುಹಿಡಿದು, ಕೈಯಲ್ಲಿ ಹಿಡಿದು ತೋರಿಸಬೇಕಿತ್ತು. ಶನಿವಾರದೊಳಗೆ.

ಮಂಗಳವಾರ ರಾಣೆಬೆನ್ನೂರಿಗೆ ಹೋದೆ. ಹಳೆಯ ಗಾಡಿಗಳಿಗೆ ಕೊಟ್ರಪ್ಪನೇ ಸರಿ ಎಂದು ಮಾಸ್ತರರು ಕಾರು ಕೊಡುವಾಗಲೇ ಹೇಳಿದ್ದರು. ಗ್ಯಾರೇಜಿಗೆ ಬೀಗ. ಅಕ್ಕನ ಹೊಲದ ಪಂಪು ರಿಪೇರಿಗೆ ಐರಣಿಗೆ ಹೋಗಿದ್ದಾರೆ, ಎರಡು ದಿನ ಬರುವುದಿಲ್ಲ ಎಂದರು ಪಕ್ಕದಂಗಡಿಯವರು. ಕಾಯುವಂತಿರಲಿಲ್ಲ. ಐರಣಿಯ ದಾರಿ ಹಿಡಿದೆ. ನಿಂತಲ್ಲಿ ಬಂದ್ ಆಗುತ್ತದೆ ಎಂದು ದಾರಿಯುದ್ದಕ್ಕೂ ನಿಲ್ಲಿಸಲೇ ಇಲ್ಲ. ಒಂದು ಊರಿನಲ್ಲಿ ಕುರಿಹಿಂಡು ಅಡ್ಡ ಬಂತು. ಅಲ್ಲಿ ನಾಲ್ಕು ಸಲ ಶುರು ಮಾಡಬೇಕಾಯಿತು. ಕುರಿ ಕಾಯುವವರು ದಾರಿ ಬಿಡಿಸುತ್ತ, “ಗಾಡಿಗೆ ಕಷಾಯ ಕುಡಸ್ರೀಯಪ್ಪಾ,” ಎಂದರು.

ತುಂಗಭದ್ರೆಯಲ್ಲಿ ನೀರು ಇಳಿದು ಮಧ್ಯೆ ಮಧ್ಯೆ ಮರಳು ಕಾಣುತ್ತಿತ್ತು. ದಡದಲ್ಲಿ ಡೀಸೆಲ್ ಪಂಪು ಢಬಢಬ ಓಡುತ್ತಿತ್ತು. ಅದರ ಪಕ್ಕ ಕೈತುಂಬ ಎಣ್ಣೆ ಮಾಡಿಕೊಂಡು ಕುಳಿತಿದ್ದವರೇ ಕೊಟ್ರಪ್ಪ. ನಾನು ಪೆಟ್ರೋಲ್, ಫಿಲ್ಟರ್, ಪ್ಲಗ್ ಎಂದು ಎಲ್ಲ ಹೇಳಿ ಮುಗಿಸಿದೆ.

“ಡಾಕ್ಟರು ಬದಲಾದ್ರು, ಗುಳಿಗಿ ಬದಲಾದ್ವು, ಜ್ವರ ಮಾತ್ರ ಅಲ್ಲೇ ಐತಿ,” ಎಂದರು. “ಮೂರೂ ಒಮ್ಮೆಲೆ ಬದಲಿ ಮಾಡಿದ್ರ ಯಾವುದರಿಂದ ಏನಾತು ಅಂತ ಹೆಂಗ ತಿಳೀಬೇಕ್ರಿ? ಒಂದೊಂದಽ ನೋಡೂನು. ಮೊದಲ ನಿಮ್ಮ ಪೆಟ್ರೋಲ್.”

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ, ಅಲುಗಾಡದಂತೆ ಕಲ್ಲಿನ ಮೇಲೆ ಇಟ್ಟರು. ನೀರಿದ್ದರೆ ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಅರ್ಧ ತಾಸು ಕಾದೆವು. ಅವರ ಅಕ್ಕ ರೊಟ್ಟಿ, ಪುಂಡಿಪಲ್ಲೆ ಕೊಟ್ಟರು. ಬಾಟಲಿಯಲ್ಲಿ ಮೇಲಿನಿಂದ ತಳದವರೆಗೆ ಒಂದೇ ಬಣ್ಣ. ಗೆರೆಯಿಲ್ಲ, ಕಸವಿಲ್ಲ.

“ಇದು ಆತು,” ಎಂದು ಕೊಟ್ರಪ್ಪ ಬಾಟಲಿ ಬದಿಗಿಟ್ಟರು. “ಮೊದಲನೇ ಸಲ ಯಾವಾಗ ಬಂದ್ ಬಿತ್ತು?”

“ಗುರುವಾರ. ಪೆಟ್ರೋಲ್ ಹಾಕಿಸಿದ ಮ್ಯಾಲೆ.”

“ನೆನಪಿನಿಂದ ಹೇಳ್ತೀರೋ, ಬರದೀರೋ?”

“ಎಲ್ಲಾ ಬರದೇನ್ರಿ,” ಎಂದು ಟಿಪ್ಪಣಿ ಪುಸ್ತಕ ತೆಗೆದೆ. ತುಸು ಹೆಮ್ಮೆಯಿಂದಲೇ ತೆಗೆದೆ. ಗುರುವಾರದ ಪುಟ ಹುಡುಕುವಾಗ ಅದರ ಹಿಂದಿನ ಪುಟ ತೆರೆಯಿತು. ನನ್ನದೇ ಅಕ್ಷರ: ‘ಬುಧವಾರ, ಬೆಳಿಗ್ಗೆ ೭.೧೦. ಹೊಸರಿತ್ತಿ ಶಾಲೆ ಕಾರ್ಯಕ್ರಮಕ್ಕೆ. ಮನೆ ಮುಂದೆ ಗಾಡಿ ಎರಡು ಸಲ ಬಂದ್. ಚಳಿಗೆ?’

ಬುಧವಾರ. ಪೆಟ್ರೋಲ್ ಹಾಕಿಸುವ ಹಿಂದಿನ ದಿನ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಬೇರೆಯವರ ಹೇಳಿಕೆಯನ್ನು ಟಿಪ್ಪಣಿಯೊಡನೆ ಹೋಲಿಸಿ ನೋಡದೆ ಒಂದು ಪದವನ್ನೂ ಕಚೇರಿಗೆ ಕಳಿಸುತ್ತಿರಲಿಲ್ಲ. ನನ್ನ ಹೇಳಿಕೆಯನ್ನು ಮಾತ್ರ ನೋಡಿರಲಿಲ್ಲ. ಐದು ದಿನದಿಂದ ಶಾಂತವ್ವನವರ ಪರವಾದ ಸಾಕ್ಷಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಪುಸ್ತಕವನ್ನು ಕೊಟ್ರಪ್ಪನವರ ಮುಂದೆ ಹಿಡಿದೆ. ಅವರು ಓದಿ, ಮುಂದಿನ ಪುಟಗಳನ್ನೂ ತಿರುವಿದರು. ಮನೆ ಮುಂದೆ, ಮಾರುಕಟ್ಟೆ ತಿರುವು, ಚಹದಂಗಡಿ, ಗ್ಯಾರೇಜಿನ ಬಾಗಿಲು.

“ಎಲ್ಲಾ ನಿಂತಾಗಽ ಅದಾವು. ಓಡೂವಾಗ ಒಂದೂ ಇಲ್ಲ,” ಎಂದು ಎದ್ದರು. “ನಿಂತಾಗ ಎಂಜಿನ್ ಸಣ್ಣಗ ಉಸುರು ತಗೋತೈತ್ರಿ. ಆಗ ಎಲ್ಲಿಂದರ ಕಳ್ಳ ಗಾಳಿ ಹೊಕ್ಕಿತಂದ್ರ ಅದಕ್ಕ ಉಬ್ಬಸ. ಓಡೂವಾಗ ದೊಡ್ಡ ಉಸುರು, ಕಳ್ಳಗಾಳಿ ಲೆಕ್ಕಕ್ಕ ಬರೂದಿಲ್ಲ. ಅಕ್ಕಾ, ಪಂಪ ಬಂದ್ ಮಾಡ.”

ಪಂಪು ನಿಂತಿತು. ಒಮ್ಮೆಲೇ ಎಷ್ಟು ಮೌನವಾಯಿತೆಂದರೆ ದೂರದಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೇಳಿಸಿತು. ಕೊಟ್ರಪ್ಪ ಬಾನೆಟ್ ಎತ್ತಿ, ಕಾರು ಶುರು ಮಾಡಿಸಿ, ಎಂಜಿನ್ನಿನ ಮೇಲೆ ಬಾಗಿದರು. ನನ್ನನ್ನೂ ಕರೆದರು. ನಡುಕದ ಸದ್ದಿನ ಒಳಗೆ ಇನ್ನೊಂದು ಸದ್ದು ಇತ್ತು. ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡಂತೆ, ಸುಸ್ಸ್ ಎಂದು. ಹೆದ್ದಾರಿ ಪಕ್ಕದ ಗ್ಯಾರೇಜುಗಳಲ್ಲಿ ಅದು ಯಾರಿಗೂ ಕೇಳಿಸುವಂತಿರಲಿಲ್ಲ.

ಅವರು ಹೊಳೆಯ ನೀರನ್ನು ಒಂದೊಂದೇ ರಬ್ಬರು ಪೈಪಿನ ಮೇಲೆ ಹನಿಹನಿಯಾಗಿ ಬಿಟ್ಟರು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ. ಬೆರಳು ಗಾತ್ರದ ಮೂರನೆಯ ಪೈಪಿನ ಕೆಳಭಾಗಕ್ಕೆ ನೀರು ಬಿದ್ದದ್ದೇ ತಡ, ಎಂಜಿನ್ ಗಕ್ಕನೆ ಸಮಾಧಾನವಾಯಿತು. ಎರಡು ಕ್ಷಣ, ಅಷ್ಟೇ. ನೀರು ಒಳಗೆ ಹೋದದ್ದೇ ಮತ್ತೆ ನಡುಕ. ಕೊಟ್ರಪ್ಪ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕಾರು ಮಾಸ್ತರರ ಕಾಲದಲ್ಲಿ ಹೇಗಿತ್ತೋ ಹಾಗೆ, ನಡುಗದೆ ಕೆಮ್ಮದೆ, ಸಣ್ಣಗೆ ಓಡುತ್ತ ನಿಂತಿತು.

ಎಂಜಿನ್ ಬಂದ್ ಮಾಡಿ ಪೈಪು ಬಿಚ್ಚಿದರು. ಕೆಳಗಡೆ ಹಲ್ಲಿನ ಗುರುತು, ಒಂದು ಜೋಳದ ಕಾಳು ಹಿಡಿಯುವಷ್ಟು ತೂತು. ಅದರ ಗೇಣು ದೂರದಲ್ಲಿ ನಿರ್ಮಲಾ ಹೊಲಿದ ಗಂಟು. ಗಂಟಿನ ಬುಡವೂ ಹರಿದಿತ್ತು. ಒಳಗೆ ಬೀಜ ಒಂದೂ ಉಳಿದಿರಲಿಲ್ಲ. ಒಣ ಸಿಪ್ಪೆ ಮಾತ್ರ.

“ಇದನ್ನ ಯಾರು ಕಟ್ಟಿದ್ರು?”

“ನಾನಽ.”

“ಎಲ್ಲೀ ಕಾಯಿ?”

“ಬ್ಯಾಡಗೀದು.”

ಕೊಟ್ರಪ್ಪ ದಡದ ಮೇಲೆ ಕುಳಿತು ನಕ್ಕರು. “ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದ್ದು ರೀ ಸಾಹೇಬ್ರ! ಅದರಾಗ ಖಾರ ಎಲ್ಲೈತಿ? ಇಲಿಗೆ ನೀವು ಬೆಚ್ಚಗಿನ ಖೋಲಿ ಕೊಟ್ಟು, ಫಳಾರದ ಗಂಟನೂ ಕಟ್ಟೀರಿ. ಉಂಡು, ಹಲ್ಲು ತಿಕ್ಕಾಕ ಪೈಪು ಕಡದೈತಿ.”

ಪ್ರತಿ ವರ್ಷ ಆ ಕಾಯಿಯ ಬಣ್ಣ, ಸುಕ್ಕು, ಖಾರ ಕಡಿಮೆಯ ಗುಣದ ಬಗ್ಗೆ ಸುಗ್ಗಿಯ ಮೊದಲ ವಾರ ನಾನೇ ಒಂದು ಲೇಖನ ಬರೆಯುತ್ತಿದ್ದೆ. ನಗು ನನಗೂ ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಅವರು ತಮ್ಮ ಸಾಮಾನಿನ ಚೀಲದಿಂದ ಹೊಸ ಪೈಪು ತೆಗೆದು ಹಾಕಿದ ಮೇಲೆ ಕಡಿದ ತುಂಡನ್ನೂ ಹರಿದ ಗಂಟನ್ನೂ ಕಾಗದದಲ್ಲಿ ಸುತ್ತಿ ತೆಗೆದುಕೊಂಡೆ.

ಸಂಜೆ ಬಂಕಿನ ಮಾಲಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಕೊಂಡರು.

“ನನಗ ಹೇಳಿ ಏನ್ ಮಾಡ್ತೀರ್ರಿ?” ಎಂದರು. “ನನಗ ಹೇಳಿದ್ರ ಗಿರಾಕಿ ಬರ್ತಾರೇನು? ಎಲ್ಲಿ ಅಂದಿದ್ರಿ, ಅಲ್ಲಿ ಹೇಳ್ರಿ.”

ಸರಿಯಾದ ಮಾತು. ನಮ್ಮ ಕಚೇರಿಯಲ್ಲೂ ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿ ಅದೇ ಪುಟದಲ್ಲಿ ಹೋಗಬೇಕು ಎಂಬ ಕಟ್ಟುಪಾಡಿತ್ತು. ನನ್ನ ತಪ್ಪು ಚಹದಂಗಡಿಯಲ್ಲಿ, ಟೆಂಡರ್ ಹಾಕಿ ದರಕ್ಕೆ ಕಾಯುವ ಹೊತ್ತಿನಲ್ಲಿ ಆಗಿತ್ತು.

ಗುರುವಾರ ಅದೇ ಹೊತ್ತಿಗೆ ಅಲ್ಲಿಗೆ ಹೋದೆ. ಕಾರನ್ನು ಎಲ್ಲರ ನಡುವೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಇಳಿದೆ. ಅದು ಕೆಮ್ಮಲಿಲ್ಲ. ಬಾನೆಟ್ ಎತ್ತಿದೆ.

“ಹೋದ ವಾರ ಇಲ್ಲೇ ನಿಂತು ಬಂಕಿನ ಪೆಟ್ರೋಲ್ ಕೆಟ್ಟೈತಿ ಅನ್ನೂ ಹಂಗ ಮಾತಾಡಿದ್ದೆ,” ಎಂದೆ. “ಅದು ತಪ್ಪು. ಪೆಟ್ರೋಲ್ ಚಲೋ ಐತಿ. ಟ್ಯಾಂಕಿನಿಂದ ತಗದು ನೋಡೇವಿ. ಕೆಟ್ಟಿದ್ದು ಈ ಪೈಪು. ಇಲಿ ಕಡದೈತಿ. ಅದೂ ಪೆಟ್ರೋಲ್ ಹಾಕಸೂ ಹಿಂದಿನ ದಿನಾನಽ. ಇಲ್ಲಿ ನನ್ನ ಕೈಲೆ ಬರದೇನಿ, ನೋಡ್ರಿ.”

ಪೈಪಿನ ತುಂಡು ಕೈಯಿಂದ ಕೈಗೆ ಹೋಯಿತು. ಟಿಪ್ಪಣಿ ಪುಸ್ತಕವೂ ಹೋಯಿತು. ಹಮಾಲರೊಬ್ಬರು ತೂತಿನಲ್ಲಿ ಕಣ್ಣಿಟ್ಟು ನೋಡಿದರು. ವೀರಭದ್ರಪ್ಪ ಗಂಟನ್ನು ಹಿಡಿದು ತಿರುಗಿಸಿದರು.

“ಇದು ನಮ್ಮಂಗಡೀ ಮಾಲಲ್ಲೇನ್ರಿ?”

“ಹೌದ್ರಿ. ಇಲಿಗೆ ಕಟ್ಟಿದ್ದೆ.”

“ಅಂದ್ರ ನಮ್ಮ ಕಾಯಿಗೆ ಖಾರ ಇಲ್ಲ, ಇಲಿನೂ ತಿಂತಾವು ಅಂತ ಪೇಪರಿನ್ಯಾಗ ಹಾಕಾವ್ರೇನು?”

“ಇಲಿ ಒಂದೂ ಬೀಜ ಬಿಟ್ಟಿಲ್ಲ ಅಂತ ಹಾಕ್ರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. “ದರ ಏರಲಿ!”

ಅಂಗಡಿಯ ಸುತ್ತ ನಗು ಎದ್ದಿತು. ಅದು ನನ್ನ ಮೇಲಿನ ನಗು. ಒಳ್ಳೆಯದೇ ಆಯಿತು. ಬರೀ ತಿದ್ದುಪಡಿಯಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. ವರದಿಗಾರನ ಕಾರಿನಲ್ಲಿ ಇಲಿ ಬ್ಯಾಡಗಿ ಕಾಯಿ ಉಂಡ ಕಥೆಯಾದದ್ದರಿಂದ ಸಂಜೆಯೊಳಗೆ ತಾಲ್ಲೂಕು ಸುತ್ತಿತು. ಅದು ಹೋದಲ್ಲೆಲ್ಲ ಪೆಟ್ರೋಲಿನ ಮಾತೂ ಜೊತೆಗೆ ಹೋಯಿತು.

ಅಲ್ಲಿಂದ ಬಂಕಿಗೆ ಹೋದೆ. ಮಾಲಕರು ಗಾಜಿನ ಕೋಣೆಯಲ್ಲಿದ್ದರು. ಒಂದು ಹಾಳೆ ಮುಂದಿಟ್ಟು, “ಬರದು ಕೊಡ್ರಿ,” ಎಂದರು. ಬರೆದೆ. ನನ್ನ ಕಾರಿನ ದೋಷಕ್ಕೆ ಈ ಬಂಕಿನ ಪೆಟ್ರೋಲ್ ಕಾರಣವಲ್ಲ, ನಾನು ಪರಿಶೀಲಿಸದೆ ಮಾತಾಡಿದೆ. ಕೆಳಗೆ ಹೆಸರು, ಸಹಿ. ಅದನ್ನು ಅವರು ರಸ್ತೆಗೆ ಕಾಣುವಂತೆ ಗಾಜಿಗೆ ಅಂಟಿಸಿದರು. ಶನಿವಾರ ಬೆಳಿಗ್ಗೆ ಮತ್ತೆ ಆ ದಾರಿಯಲ್ಲಿ ಹೋದೆ, ಕೆಲಸವಿಲ್ಲದಿದ್ದರೂ. ಬಂಕಿನ ಮುಂದಿನ ಸಾಲು ರಸ್ತೆಯವರೆಗೆ ಬಂದಿರಲಿಲ್ಲ. ಐದಾರು ಬೈಕು, ಒಂದು ಟೆಂಪೊ. ಪೈಪು ಹಿಡಿದು ನಿಂತವರು ಶಾಂತವ್ವನೇ.

ನನ್ನ ಸರದಿ ಬಂದಾಗ ಅವರು ಗಾಜಿನ ಮೇಲಿನ ಹಾಳೆಯ ಕಡೆ ತಲೆಯಾಡಿಸಿದರು. “ಓದಿದೆ,” ಎಂದರು. “ಅಕ್ಷರ ಇನ್ನಷ್ಟು ದೊಡ್ಡಾವು ಬರೀಬೇಕಿತ್ರಿ.”

“ತಪ್ಪಾತು, ಶಾಂತಕ್ಕ.”

ಅವರು ಪೈಪಿನ ಮೂತಿಯನ್ನು ಟ್ಯಾಂಕಿಗೆ ಇಟ್ಟು, ಯಂತ್ರದ ಕಡೆ ಕೈ ಮಾಡಿದರು.

“ಝೀರೋ ನೋಡ್ರಿ.”

ಫೋನ್ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು. ಕಚೇರಿಯ ಕರೆ ಇರಬೇಕು. ಹಿಂದಿನ ಟೆಂಪೊದವರು ಹಾರ್ನ್ ಹೊಡೆದರು. ಶಾಂತವ್ವ ಪೈಪಿನ ಗುಂಡಿ ಒತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಕಾರಿನಿಂದ ಇಳಿದು, ಯಂತ್ರದ ಎದುರು ನಿಂತು, ಅಂಕಿಯನ್ನು ನೋಡಿದೆ.

“ನೋಡಿದೆ, ಝೀರೋ ಐತಿ,” ಎಂದೆ.

ಆಮೇಲೆ ಹಾಕಿದರು.